ಶೋಭಾರಾಣಿಯ ಅರ್ಧ ಮನೆ

ಕಾಡುಗೋಡಿಯ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಗಳಲ್ಲಿ ಶೋಭಾರಾಣಿಯ ಮನೆ ಯಾವುದೆಂದು ಕೇಳಿದರೆ ಮೊದಲೆಲ್ಲ ಜನ ತಡವರಿಸುತ್ತಿದ್ದರು. ಇಸ್ತ್ರಿ ರಾಮಯ್ಯನ ಗಾಡಿ ಎದುರಿಗಿರೋ ಹಸಿರು ಗೇಟು ಅಂದರೆ ಮಾತ್ರ "ಓ, ಡ್ರೈವರ್ ನಂದೀಶಣ್ಣನ ಮನೇನಾ" ಅನ್ನುತ್ತಿದ್ದರು. ಆ ವರ್ಷದ ಮಳೆಗಾಲ ಕಳೆದ ಮೇಲೆ ಯಾರಿಗೂ ಗುರುತು ಹೇಳಬೇಕಾಗಿ ಬರಲಿಲ್ಲ. "ಅರ್ಧ ಬಿದ್ದೋಯ್ತಲ್ಲ, ಆ ಮನೆ" ಅಂದರೆ ಸಾಕಿತ್ತು.

ಶೋಭಾರಾಣಿ ಆನೇಕಲ್ ಕಡೆಯ ಹೆಣ್ಣು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದು, ಮದುವೆಯಾಗಿ ಕಾಡುಗೋಡಿಗೆ ಬಂದಾಗ ಗಂಡನ ಮನೆಯವರಿಗೆ ಹೊಲ ಅನ್ನುವುದು ಉಳಿದಿರಲಿಲ್ಲ. ಹೊಲವೆಲ್ಲ ಅಣ್ಣತಮ್ಮಂದಿರಲ್ಲಿ ಹಂಚಿ, ಸೈಟುಗಳಾಗಿ ಕೈಬಿಟ್ಟು, ನಂದೀಶನ ಪಾಲಿಗೆ ಒಂದು ಸೈಟು ಮತ್ತು ಅವನ ತಾಯಿ ಚಿಕ್ಕಮುನಿಯಮ್ಮ ಉಳಿದಿದ್ದರು. ಶೋಭಾ ಬಹಳ ವರ್ಷ ವೈಟ್‌ಫೀಲ್ಡಿನ ಗಾರ್ಮೆಂಟ್ಸಿನಲ್ಲಿ ಶರಟಿನ ಕಾಲರ್ ಹೊಲಿದಳು. ನಂದೀಶ ಕಂಪನಿ ಬಸ್ಸು ಓಡಿಸಿದ. ಮೊದಲು ನಡುಮನೆ ಮತ್ತು ಅಡುಗೆಮನೆ, ಆಮೇಲೆ ಪೂರ್ವದ ಕಡೆಗೆ ಮಲಗುವ ಕೋಣೆ, ಕೊನೆಗೆ ನಡುಮನೆಯ ಮೇಲೊಂದು ಬಾಡಿಗೆ ರೂಮು. ಹೀಗೆ ಮನೆ ಅವರ ದುಡಿಮೆಯ ಜೊತೆಜೊತೆಗೇ ಎದ್ದಿತು. ಮೇಲಿನ ರೂಮಿನ ಗಾರೆ ಕೆಲಸ ಮುಗಿದ ವರ್ಷವೇ ಬೆನ್ನುನೋವು ಅಂತ ಶೋಭಾ ಗಾರ್ಮೆಂಟ್ಸ್ ಬಿಟ್ಟಳು. "ಇನ್ನು ಈ ಜನ್ಮದಾಗೆ ಮಿಷನ್ ಮುಂದೆ ಕೂರಲ್ಲ" ಅಂತ ಗಂಡನ ಹತ್ತಿರ ಹೇಳಿ ನೆಮ್ಮದಿಯಾಗಿ ಮನೆ ನೋಡಿಕೊಂಡಿದ್ದಳು. ಮಗಳು ದಿವ್ಯಾ ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು.

ಮನೆಯ ಪೂರ್ವಕ್ಕಿದ್ದ ಖಾಲಿ ಸೈಟು ಕೈ ಬದಲಾಗಿ, ಅಲ್ಲಿ ದೊಡ್ಡದೊಂದು ಪಿ.ಜಿ. ಹಾಸ್ಟೆಲು ಕಟ್ಟುತ್ತಾರಂತೆ ಅನ್ನುವ ಸುದ್ದಿ ಬಂತು. ಸುದ್ದಿಯ ಹಿಂದೆಯೇ ಜೆಸಿಬಿ ಬಂತು. ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಬೇಕೆಂದು ಬಾವಿ ತೋಡಿದ ಹಾಗೆ ತೋಡಿದರು. ಶೋಭಾಳ ಮಲಗುವ ಕೋಣೆಯ ಗೋಡೆಗೂ ಆ ಹಳ್ಳಕ್ಕೂ ನಡುವೆ ಒಂದು ಮೊಳದಷ್ಟು ಮಣ್ಣು ಉಳಿಯಿತು. ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡಾಗ ಅತ್ತೆ ಸೊಸೆ ಇಬ್ಬರೂ ಹೋಗಿ ಸೂಪರ್‌ವೈಸರನ್ನು ಕೇಳಿದರು. "ಹಳೇ ಮನೆಗಳಲ್ಲಿ ಬಿರುಕು ಕಾಮನ್ನು ಮೇಡಂ, ಏನೂ ಆಗಲ್ಲ. ಗೋಡೆ ಕಟ್ಕೊಡ್ತೀವಿ" ಅಂದ ಅವನು. ಕಟ್ಟುವ ಮೊದಲೇ ಮಳೆ ಹಿಡಿಯಿತು.

ಬಿಟ್ಟೂ ಬಿಡದೆ ಸುರಿದು ಮಳೆ ನಿಂತ ಬೆಳಗ್ಗೆ ಶೋಭಾ ಒಲೆಯ ಮೇಲೆ ಕುಕ್ಕರಿಟ್ಟು, ಗೇಟಿಗೆ ತೂಗುಹಾಕಿದ್ದ ಹಾಲಿನ ಪ್ಯಾಕೆಟ್ ತರಲು ಹೊರಗೆ ಬಂದಿದ್ದಳು. ಚಿಕ್ಕಮುನಿಯಮ್ಮ ಹೊರಗಿನ ಜಗಲಿಯಲ್ಲಿ ಕೂತು ಬಿಸಿಲಿಗೆ ಕಾಲು ಚಾಚಿದ್ದಳು. ನಂದೀಶ ಮೊದಲ ಶಿಫ್ಟಿನವರನ್ನು ಕರೆದೊಯ್ಯಲು ಕತ್ತಲಲ್ಲೇ ಎದ್ದು ಹೋಗಿದ್ದ. ಲಾರಿಯಿಂದ ಜಲ್ಲಿ ಸುರಿದ ಹಾಗೆ ಒಂದು ಸದ್ದಾಯಿತು. ಶೋಭಾ ಪಕ್ಕದ ಸೈಟಿಗೆ ಲೋಡು ಬಂತೇನೋ ಅಂದುಕೊಂಡಳು. ತಿರುಗಿ ನೋಡಿದರೆ ಮನೆಯ ಬಾಗಿಲಿನಿಂದ ಬಿಳಿ ಧೂಳು ಹೊಗೆಯಂತೆ ಬರುತ್ತಿತ್ತು.

ಅತ್ತೆಯ ರಟ್ಟೆ ಹಿಡಿದು ಎಳೆದುಕೊಂಡು ಅವಳು ರಸ್ತೆ ದಾಟಿದ್ದು ಹೇಗೆಂದು ಅವಳಿಗೆ ಇವತ್ತಿಗೂ ನೆನಪಿಲ್ಲ. ನೆನಪಿರುವುದು ಧೂಳು ಇಳಿದ ಮೇಲೆ ಕಂಡದ್ದು. ಮಲಗುವ ಕೋಣೆಯ ಪೂರ್ವದ ಗೋಡೆ, ಅದರ ಪಕ್ಕದ ಬಚ್ಚಲು ಎರಡೂ ಮಣ್ಣಿನ ಸಮೇತ ಹಳ್ಳಕ್ಕೆ ಇಳಿದುಹೋಗಿದ್ದವು. ಕೋಣೆ ಮಾತ್ರ ಬಾಗಿಲು ತೆಗೆದ ಕಪಾಟಿನ ಹಾಗೆ ತೆರೆದು ನಿಂತಿತ್ತು. ಮಂಚ, ಮಂಚದ ಮೇಲೆ ಅವಳು ಆಗಷ್ಟೇ ಮಡಿಸಿಟ್ಟ ಹೊದಿಕೆ, ಗೂಟಕ್ಕೆ ನೇತುಹಾಕಿದ್ದ ದಿವ್ಯಾಳ ನೀಲಿ ಚೂಡಿದಾರ ಎಲ್ಲವೂ ಬೀದಿಯವರಿಗೆಲ್ಲ ಕಾಣುತ್ತಿದ್ದವು. ನೆಲದ ಅಂಚಿನಲ್ಲಿ, ಇನ್ನೊಂದು ಗೇಣು ಸರಿದರೆ ಬೀಳುವ ಹಾಗೆ, ಬೀರು ನಿಂತಿತ್ತು.

ಜನ ಸೇರಿದರು. ಪಾಲಿಕೆಯ ಎಂಜಿನಿಯರ್ ಬಂದರು. ಅಗ್ನಿಶಾಮಕದ ಗಾಡಿ ಬಂತು. ಸೂಪರ್‌ವೈಸರಿನ ಫೋನು ಸ್ವಿಚ್ ಆಫ್ ಆಯಿತು. ಎಂಜಿನಿಯರ್ ಮನೆಯನ್ನು ಎರಡು ಸುತ್ತು ನೋಡಿ, "ಇದು ನಿಲ್ಲಲ್ಲಮ್ಮ. ನಾಳೆ ಬೆಳಗ್ಗೆ ನಾವೇ ಕೆಡವಿಸಬೇಕಾಗುತ್ತೆ. ಇಲ್ಲದಿದ್ರೆ ಪಕ್ಕದ ಮನೆ ಮೇಲೆ ಬೀಳುತ್ತೆ" ಅಂದರು. ಮೆಲ್ಲಗೆ, ಆಸ್ಪತ್ರೆಯಲ್ಲಿ ಡಾಕ್ಟರು ಹೇಳುವ ಹಾಗೆ ಹೇಳಿದರು. ಶೋಭಾ ತಲೆಯಾಡಿಸಿದಳು. ಹಾಲಿನ ಪ್ಯಾಕೆಟ್ಟು ಇನ್ನೂ ಅವಳ ಕೈಯಲ್ಲೇ ಇತ್ತು.

ಅಗ್ನಿಶಾಮಕದವರು ಮೊದಲು ಗ್ಯಾಸ್ ಸಿಲಿಂಡರುಗಳನ್ನು ಹೊರಗೆ ತಂದು ಇಟ್ಟರು. ಅವರಲ್ಲಿ ಬಸಲಿಂಗ ಅಂತ ಒಬ್ಬ ಇದ್ದ, ಬಾಗಲಕೋಟೆ ಕಡೆಯವನು. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುತ್ತ ಶೋಭಾಳ ಮುಂದೆ ಬಂದು ನಿಂತ.

"ನಿಮ್ಮನ್ನ ಒಳಗ ಬಿಡಾಕ ಆಗಂಗಿಲ್ರಿ ಮೇಡಂ. ನಾವಿಬ್ಬರು ಹಗ್ಗಾ ಕಟಗೊಂಡು ಹೋಗ್ತೀವಿ. ಒಂದಿಷ್ಟು ಸಾಮಾನು ತರತೀವಿ, ಭಾಳ ಹೊತ್ತು ಇರಾಕ ಬರಂಗಿಲ್ಲ. ಮೊದಲ ಏನ್ ತರೂಣು, ಎಲ್ಲೈತಿ, ಅಷ್ಟ ಹೇಳ್ರಿ."

ಶೋಭಾ ಬಾಯಿ ತೆರೆದಳು. "ಕುಕ್ಕರ್" ಅಂದಳು. "ಒಲೆ ಮೇಲೆ ಕುಕ್ಕರ್ ಐತೆ. ಬೇಳೆ ಇಟ್ಟಿದ್ದೆ."

ಸುತ್ತ ನಿಂತವರು ಯಾರೂ ನಗಲಿಲ್ಲ. ಇಸ್ತ್ರಿ ರಾಮಯ್ಯ ಗಾಡಿಯ ಕೆಳಗಿನಿಂದ ಒಂದು ಸ್ಟೂಲು ಎಳೆದು ಅವಳನ್ನು ಕೂರಿಸಿ, ನೀರು ಕೊಟ್ಟ. ಅವಳು ಕುಡಿದಳು. ಮನೆ ಕಟ್ಟಿದ್ದು, ಒಂದೊಂದು ಡಬ್ಬಿಯನ್ನೂ ಅದರದರ ಜಾಗದಲ್ಲಿ ಇಟ್ಟಿದ್ದು ತಾನೇ. ಆದರೂ ಯಾವುದು ಮುಖ್ಯ ಅಂತ ಒಬ್ಬ ಗುರುತಿಲ್ಲದವನು ಕೇಳಿದಾಗ ಎಲ್ಲವೂ ಒಟ್ಟಿಗೇ ಬಾಗಿಲಿಗೆ ನುಗ್ಗಿದಂತಾಗಿ ಒಂದೂ ಹೊರಗೆ ಬರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಮನಸ್ಸಿನಲ್ಲೇ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು. ಎಡಕ್ಕೆ ಟೀವಿ ಸ್ಟ್ಯಾಂಡು.

"ಟೀವಿ ಕೆಳಗಿನ ಡ್ರಾಯರಲ್ಲಿ ಬಟ್ಟೆ ಅಂಗಡಿ ಚೀಲ ಐತೆ. ಮನೆ ಪತ್ರ ಅದ್ರಲ್ಲೇ ಐತೆ" ಅಂದಳು.

ಪತ್ರಗಳು ಯಾವಾಗಲೂ ಇರುತ್ತಿದ್ದದ್ದು ಬೀರುವಿನಲ್ಲಿ. ಖಾತಾ ಮಾಡಿಸಬೇಕೆಂದು ನಂದೀಶ ಹಿಂದಿನ ವಾರವಷ್ಟೇ ಹೊರಗೆ ತೆಗೆದಿದ್ದ. ಮತ್ತೆ ಒಳಗಿಡು ಅಂತ ಅವನು ಹೇಳಿದ್ದನ್ನು ಇವಳು ಮರೆತಿದ್ದಳು. ಆ ಮರೆವಿಗೆ ಅವಳು ಆಮೇಲೆ ಎಷ್ಟೋ ಸಲ ಕೈಮುಗಿದಳು. ಬೀರುವಿನ ವಿಷಯ ಕೇಳಿದಾಗ ಬಸಲಿಂಗ ತಲೆ ಅಲ್ಲಾಡಿಸಿಬಿಟ್ಟ. "ಅದರ ಹತ್ರ ಹೋಗಾಕ ಆಗಂಗಿಲ್ರಿ. ಕೆಳಗಿನ ನೆಲಾ ಟೊಳ್ಳ ಆಗೈತಿ. ಬ್ಯಾರೆ ಏನಾರ ಹೇಳ್ರಿ." ಒಡವೆ, ಮದುವೆ ಸೀರೆ, ದಿವ್ಯಾಳ ಹುಟ್ಟಿದ ದಿನದ ಫೋಟೋಗಳು ಎಲ್ಲವೂ ಅದರಲ್ಲೇ ಇದ್ದವು. ಕಣ್ಣೆದುರಿಗೇ ಇದ್ದವು, ಕೈಗೆ ಸಿಗುವಂತಿರಲಿಲ್ಲ.

ಚೀಲ ಬಂತು. ಅತ್ತೆಯ ಬಿ.ಪಿ. ಮಾತ್ರೆ ಬಂತು. ಗೋಡೆಯ ಮೇಲಿನ ಮಾವನ ಫೋಟೋವನ್ನು ಬಸಲಿಂಗ ತಾನೇ ನೋಡಿ ತಂದ. ಕುಕ್ಕರೂ ಬಂತು, ಬೇಳೆ ಸಮೇತ.

ಅಷ್ಟು ಹೊತ್ತೂ ಚಿಕ್ಕಮುನಿಯಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಎಂಜಿನಿಯರ್ ಏನು ಕೇಳಿದರೂ ಉತ್ತರವಿಲ್ಲ. ಮುದುಕಿಗೆ ಗಾಬರಿಯಾಗಿದೆ, ಮಾತು ನಿಂತುಹೋಗಿದೆ ಅಂತ ಜನ ಪಿಸುಗುಟ್ಟಿದರು. ಬಾಯಿ ಬಿಟ್ಟರೆ ಬೀದಿಯ ಕೊನೆಗೂ ಕೇಳಿಸುವ ಹೆಂಗಸು ಅವಳು. ಈಗ ಸುಮ್ಮನೆ ಸೊಸೆಯ ಸೆರಗು ಜಗ್ಗುವುದು, ಮನೆಯ ಕಡೆ ಬೆರಳು ತೋರಿಸುವುದು, ಇಷ್ಟೇ ಮಾಡುತ್ತಿದ್ದಳು.

"ಏನತ್ತೆ? ಏನ್ ಬೇಕು? ಬಾಯ್ಬಿಟ್ಟು ಹೇಳಿ!" ಶೋಭಾ ರೇಗಿದಳು.

ಮುದುಕಿ ಇನ್ನೂ ಗಟ್ಟಿಯಾಗಿ ಸೆರಗು ಒತ್ತಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ಆಗ ಶೋಭಾಳಿಗೆ ಹೊಳೆಯಿತು. ಹಲ್ಲು. ಅತ್ತೆ ಎದ್ದ ಕೂಡಲೇ ಹಾಕಿಕೊಳ್ಳುವುದಿಲ್ಲ, ಕಾಫಿ ಕುಡಿದಾದ ಮೇಲೆ ಹಾಕಿಕೊಳ್ಳುತ್ತಾಳೆ. ಕಟ್ಟಿಸಿಕೊಂಡ ಮೇಲೆ ಮನೆಯವರನ್ನು ಬಿಟ್ಟು ಇನ್ನೊಬ್ಬರೆದುರು ಅವಳು ಬೊಚ್ಚುಬಾಯಿ ತೋರಿಸಿದ್ದೇ ಇಲ್ಲ.

ಶೋಭಾ ಎದ್ದು ಬಸಲಿಂಗನ ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದಳು. "ಅಣ್ಣ, ಅಡುಗೆಮನೆ ಕಿಟಕಿ ಮೇಲೆ ಒಂದು ಸ್ಟೀಲ್ ಲೋಟ ಐತೆ, ಮೇಲೆ ಬಟ್ಲು ಮುಚ್ಚಿದ್ದೀನಿ. ಅದನ್ನ ತೆಗೆದು ನೋಡ್ಬೇಡಿ. ಹಂಗೇ ತಂದ್ಬಿಡಿ."

ಬಸಲಿಂಗ ಏನೂ ಕೇಳಲಿಲ್ಲ. ಲೋಟ ತಂದು ಮುದುಕಿಯ ಕೈಗೇ ಕೊಟ್ಟ. ಚಿಕ್ಕಮುನಿಯಮ್ಮ ಗೋಡೆಯ ಕಡೆ ತಿರುಗಿ, ಸೆರಗಿನ ಮರೆಯಲ್ಲಿ ಏನೋ ಮಾಡಿಕೊಂಡು, ಮತ್ತೆ ಈ ಕಡೆ ತಿರುಗಿದಳು. ಸೆರಗು ಕೆಳಗಿಳಿಯಿತು.

"ಅಲ್ಲ ಕಣಪ್ಪಾ, ಅಗೀಬ್ಯಾಡ್ರೋ ಅಗೀಬ್ಯಾಡ್ರೋ ಅಂತ ಬಾಯಿ ಬಡ್ಕೊಂಡ್ನಲ್ಲಾ! ಆಗ ಎಲ್ ಓಗಿದ್ರಿ ನೀವೆಲ್ಲಾ? ಈಗ ಬಂದವ್ರೆ ಟೇಪ್ ಇಡ್ಕೊಂಡು!" ಎಂಜಿನಿಯರ್ ಒಂದು ಹೆಜ್ಜೆ ಹಿಂದೆ ಸರಿದರು. ಪಿಸುಗುಟ್ಟುತ್ತಿದ್ದವರಿಗೆಲ್ಲ ಜೀವ ಬಂದಂತಾಯಿತು. ಶೋಭಾಳಿಗೆ ಆ ಬೆಳಗ್ಗೆ ಮೊದಲ ಸಲ ಉಸಿರು ಸರಾಗವಾಗಿ ಆಡಿತು.

ನಂದೀಶ ಬಂದಾಗ ಹೊತ್ತು ಏರಿತ್ತು. ಬಸ್ಸನ್ನು ಕಂಪನಿಯಲ್ಲೇ ಬಿಟ್ಟು, ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ. ಬೀರು ಕಂಡದ್ದೇ, ಅಗ್ನಿಶಾಮಕದವರು ಅಡ್ಡ ಕಟ್ಟಿದ್ದ ಟೇಪನ್ನು ದಾಟಿ ನಡೆದ. ಶೋಭಾ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತಳು.

"ನೀವು ಹೋದ್ರೆ ನಾನೂ ಬತ್ತೀನಿ" ಅಂದಳು.

ನಂದೀಶ ಅವಳ ಮುಖ ನೋಡಿದ. ಅವಳು ಹೇಳಿದ ಹಾಗೇ ಮಾಡುವವಳೆಂದು ಅವನಿಗೆ ಗೊತ್ತಿತ್ತು. ಸುಮ್ಮನೆ ತಿರುಗಿ ಬಂದು ರಾಮಯ್ಯನ ಗಾಡಿಗೆ ಒರಗಿ ನಿಂತ.

ಮೇಲಿನ ರೂಮಿನವರ ವಿಷಯ ಆಗ ನೆನಪಾಯಿತು. ಅಲ್ಲಿದ್ದದ್ದು ಯಾದಗಿರಿ ಕಡೆಯ ಹಣಮಂತ ಮತ್ತು ಭಾಗ್ಯಶ್ರೀ. ಅವನು ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವಳು ಅಪಾರ್ಟ್‌ಮೆಂಟಿನ ಹೆಂಗಸರಿಗೆ ರವಿಕೆ ಹೊಲಿಯುವುದು, ಸೀರೆಗೆ ಫಾಲ್ ಹಾಕುವುದು ಮಾಡುತ್ತಿದ್ದಳು. ನಾದಿನಿಯ ಮದುವೆಯೆಂದು ಇಬ್ಬರೂ ಬೀಗ ಹಾಕಿಕೊಂಡು ಊರಿಗೆ ಹೋಗಿದ್ದರು. ಶೋಭಾ ಫೋನು ಮಾಡಿದಳು. ಆ ಕಡೆ ಮದುವೆಮನೆಯ ಹಲಗೆ ವಾದ್ಯದ ಸದ್ದು, ಹೆಂಗಸರ ನಗು.

"ಯಕ್ಕಾ, ಆರಾಮ ಅದೀರೇನ್ರಿ?" ಅಂದಳು ಭಾಗ್ಯಶ್ರೀ.

ಶೋಭಾ ವಿಷಯ ಹೇಳಿದಳು. ಹಲಗೆಯ ಸದ್ದು ದೂರವಾಯಿತು. ಅವಳು ಎದ್ದು ಹೊರಗೆ ಬಂದಿರಬೇಕು.

"ನಿಮಗ್ಯಾರಿಗೂ ಏನೂ ಆಗಿಲ್ಲಲ್ರಿ? ಅಜ್ಜಿಗಿ?"

"ಏನೂ ಆಗಿಲ್ಲ. ನಿಮ್ ರೂಮಲ್ಲಿ ಏನ್ ತೆಗೀಬೇಕು ಹೇಳು. ಬೀಗ ಒಡೀಬೇಕಾಯ್ತದೆ."

"ಮೊದಲ ನಿಮ್ದು ತಗೀರಿ ಯಕ್ಕಾ. ನಮ್ದೇನದರಿ ಅಲ್ಲಿ, ನಾಕು ಬೋಗಾಣಿ." ಆಮೇಲೆ, ಕೇಳಬಾರದ್ದನ್ನು ಕೇಳುವವಳ ಹಾಗೆ, "ಮಶೀನ್ ಒಂದು ಅದ ನೋಡ್ರಿ" ಅಂದಳು. "ಆದ್ರ ಅದು ಭಾಳ ವಜ್ಜಾ ಅದ. ಬಿಡ್ರಿ, ಎತ್ತಾಕ ಆಗಂಗಿಲ್ಲ."

ಶೋಭಾ ಫೋನಿಟ್ಟು ಬಸಲಿಂಗನ ಕಡೆ ನೋಡಿದಳು. ಅವನು ನಡುಮನೆಯ ಗೋಡೆಯನ್ನೇ ನೋಡುತ್ತಿದ್ದ. ಅಲ್ಲಿಗೂ ಬಿರುಕು ಹರಿದು ಬಂದಿತ್ತು.

"ಇನ್ನ ಒಂದ ಸರತಿರಿ ಮೇಡಂ. ಅದಾದ ಮ್ಯಾಲ ಸಾಹೇಬ್ರು ಬಿಡಂಗಿಲ್ಲ. ಕೆಳಗೋ ಮ್ಯಾಲೋ ನೀವ ಹೇಳ್ರಿ."

"ದೇವರ ಗೂಡಲ್ಲಿ ಅಮ್ಮನ ಬೆಳ್ಳಿ ದೀಪ ಐತೆ" ಅಂದ ನಂದೀಶ. "ಜೋಡಿ ದೀಪ. ಬಾಗಿಲ ಪಕ್ಕದಲ್ಲೇ ಸಾರ್, ಒಂದೇ ನಿಮಿಷ."

ಆ ದೀಪಗಳು ಚಿಕ್ಕಮುನಿಯಮ್ಮನ ತವರಿನಿಂದ ಬಂದವು. ಮೇಲಿದ್ದ ಮಶೀನು ಇವರದ್ದಲ್ಲ. ಅದು ಹೋದರೂ ಯಾರೂ ಇವರನ್ನು ದೂರುತ್ತಿರಲಿಲ್ಲ, ಕೇಳಿದವಳೂ ಬಿಡಿ ಅಂದುಬಿಟ್ಟಿದ್ದಳು. ಶೋಭಾ ಅತ್ತೆಯ ಕಡೆ ನೋಡಲಿಲ್ಲ. ನೋಡಿದರೆ ಮಾತು ಹೊರಡುವುದಿಲ್ಲವೆಂದು ಗೊತ್ತಿತ್ತು.

"ಮೇಲಕ್ಕೆ ಹೋಗಿ ಅಣ್ಣ" ಅಂದಳು. "ಮಶೀನ್ ಪೂರ್ತಿ ಎತ್ತಬೇಡಿ. ಬೆಲ್ಟ್ ಕಳಚಿ, ತಲೆಯನ್ನ ಹಿಂದಕ್ಕೆ ಮಗುಚಿದ್ರೆ ಕೆಳಗೆ ಎರಡು ಸ್ಕ್ರೂ ಕಾಣ್ತವೆ. ಅವನ್ನ ಸಡಿಲ ಮಾಡಿದ್ರೆ ತಲೆ ಮಾತ್ರ ಕೈಗೆ ಬತ್ತದೆ. ಸ್ಟ್ಯಾಂಡ್ ಹೋದ್ರೆ ಹೋಗ್ಲಿ."

ಮೇಲಿನ ರೂಮಿನ ಮೆಟ್ಟಿಲು ಪಶ್ಚಿಮಕ್ಕೆ ಹೊರಗಡೆಯಿಂದಲೇ ಇತ್ತು. ಬಸಲಿಂಗ ಹತ್ತಿ ಹೋಗಿ ಬೀಗ ಒಡೆದ. ಸ್ವಲ್ಪ ಹೊತ್ತಿಗೆ ಮಶೀನಿನ ತಲೆಯನ್ನು ಭಾಗ್ಯಶ್ರೀಯ ಕೌದಿಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಮೇಲಿನಿಂದ ಕೆಳಕ್ಕೆ ಬಿಟ್ಟ. ಕೆಳಗೆ ನಿಂತು ಎರಡೂ ಕೈ ಚಾಚಿ ಅದನ್ನು ಹಿಡಿದುಕೊಂಡವನು ನಂದೀಶನೇ. ಕೂಸನ್ನು ಇಳಿಸಿಕೊಂಡ ಹಾಗೆ ಇಳಿಸಿಕೊಂಡು ರಾಮಯ್ಯನ ಗಾಡಿಯ ಕೆಳಗಿಟ್ಟ.

ಮಾರನೆಯ ಬೆಳಗ್ಗೆ ಮನೆ ಕೆಡವಿದರು. ನೋಡಬೇಡ ಅಂತ ಎಲ್ಲರೂ ಹೇಳಿದರೂ ಶೋಭಾ ನೋಡಿದಳು. ಹತ್ತು ಹದಿನೈದು ವರ್ಷ ಕಟ್ಟಿದ್ದು ಕಾಫಿ ಹೊತ್ತಿನೊಳಗೆ ರಾಶಿಯಾಯಿತು. ಬೀರು ಹಳ್ಳಕ್ಕೆ ಉರುಳಿತು. ಆ ರಾಶಿಯಿಂದ ಸಾಮಾನು ಹೆಕ್ಕುವ ಕೆಲಸಕ್ಕೆ ಒಂದು ವಾರವೇ ಹಿಡಿಯಿತು. ಬೀದಿ ಕೊನೆಯ ಖಾಲಿ ಸೈಟಿನಲ್ಲಿ ಟಾರ್ಪಾಲು ಕಟ್ಟಿಕೊಟ್ಟರು. ಪಿ.ಜಿ. ಕಟ್ಟಡದವರ ಕಡೆಯ ಆಳುಗಳು ಸಿಕ್ಕಿದ್ದನ್ನು ತಂದು ಸುರಿಯುವರು. ಅತ್ತೆ ಸೊಸೆ ಕೂತು ಬೇರೆ ಮಾಡುವರು. ಇಟ್ಟುಕೊಳ್ಳುವುದು ಒಂದು ಕಡೆ, ಗುಜರಿಗೆ ಹೋಗುವುದು ಒಂದು ಕಡೆ. ಯಾವುದಕ್ಕೂ ಸೇರದೆ ಕೈಯಲ್ಲಿ ಹಿಡಿದು ಕೂರುವಂಥದ್ದೇ ಹೆಚ್ಚು.

ಹಿತ್ತಾಳೆ, ತಾಮ್ರ ಎಲ್ಲ ಚಿಕ್ಕಮುನಿಯಮ್ಮನ ಪಾಲಿಗೆ. ತಗ್ಗುಬಿದ್ದ ಬಿಂದಿಗೆಯನ್ನು ಬೆರಳಲ್ಲಿ ತಟ್ಟಿ ನೋಡಿ, "ಇದು ಬದುಕ್ತದೆ" ಅನ್ನುವಳು. ಸೀಳುಬಿಟ್ಟ ಚೆರಿಗೆಯನ್ನು ತಟ್ಟಿ, "ಇದು ಓಯ್ತು, ಬುಡು" ಅನ್ನುವಳು. ಹಾಸಿಗೆ ಎರಡನ್ನೂ ಶೋಭಾ ನೋಡಿದ ಕೂಡಲೇ ಗುಜರಿಯ ಕಡೆ ಎಸೆದಳು. ಫ್ರಿಜ್ಜು ಮುದ್ದೆಯಾಗಿತ್ತು. ಟೀವಿಯ ಗಾಜು ಒಡೆದಿತ್ತು, ರಿಮೋಟು ಮಾತ್ರ ಹೊಸದರ ಹಾಗಿತ್ತು. ಒಂದೇ ಚಪ್ಪಲಿ, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ. ಮೊದಲ ದಿನ ಶೋಭಾ ಎಲ್ಲವನ್ನೂ ತೊಳೆದು ಒಣಗಿಸಿದಳು. ಬರಬರುತ್ತ ನೋಡುವ ಕಣ್ಣು ಬದಲಾಯಿತು. ನಾಳೆ ಬೆಳಗ್ಗೆ ಎದ್ದರೆ ಇದು ಬೇಕಾ? ಬೇಡವಾದರೆ ಬಿಡು.

ರಾಗಿಯ ಡ್ರಮ್ಮು ಸಿಕ್ಕಾಗ ಇಬ್ಬರಿಗೂ ಖುಷಿಯಾಯಿತು. ತಗಡು ಸೊಟ್ಟಗಾಗಿದ್ದರೂ ರಾಗಿ ತುಂಬಾ ಇತ್ತು. ಮೊರಕ್ಕೆ ಸುರಿದು ಕೇರಿದರೆ ಕಿಟಕಿಯ ಗಾಜಿನ ಚೂರು ಬಿಸಿಲಿಗೆ ಮಿಣಮಿಣ ಹೊಳೆದವು.

"ಜರಡಿ ಇಡಿದ್ರೆ ಆಗಾಕಿಲ್ವಾ?" ಅಂದಳು ಅತ್ತೆ.

"ಗಾಜು ಅತ್ತೆ. ರಾಗಿಕಾಳಿನಷ್ಟೇ ಸಣ್ಣಕ್ಕೆ ಒಡೆದೈತೆ."

"ಕೋಳಿಗೆ?"

"ಅವಕ್ಕೂ ಹೊಟ್ಟೆ ಇಲ್ವಾ?"

ಹೆಂಗಸರಿಬ್ಬರೂ ಸೇರಿ ಸೈಟಿನ ಮೂಲೆಯಲ್ಲಿ ಗುಂಡಿ ತೆಗೆದರು. ರಾಗಿಯನ್ನು ಅದರಲ್ಲಿ ಸುರಿದು, ಚಿಕ್ಕಮುನಿಯಮ್ಮ ಕೈಮುಗಿದು, ಮಣ್ಣು ಮುಚ್ಚಿದಳು. ಮನೆ ಬಿದ್ದಾಗ ಅಳದವಳು ಅಲ್ಲಿ ಕೂತು ಒಂದಿಷ್ಟು ಅತ್ತಳು. ಶೋಭಾ ಪಕ್ಕದಲ್ಲಿ ಕೂತು ಅವಳ ಬೆನ್ನಿನ ಮೇಲಿದ್ದ ಸಿಮೆಂಟು ಧೂಳು ಕೊಡವುತ್ತಿದ್ದಳು.

ಬೀರುವನ್ನು ಕ್ರೇನಿನಿಂದ ಎತ್ತಿಸಿದರು. ಬಾಗಿಲು ಬಾಗಿ ಕಚ್ಚಿಕೊಂಡಿತ್ತು. ವೆಲ್ಡಿಂಗ್ ಅಂಗಡಿಯವನು ಬಂದು ಕಟರಿನಲ್ಲಿ ಕೊಯ್ದ. ಒಡವೆ ಸಿಕ್ಕಿತು. ಕೆಸರುನೀರು ನುಗ್ಗಿ ಸೀರೆಗಳು ಒಂದರ ಬಣ್ಣ ಒಂದಕ್ಕೆ ಹತ್ತಿದ್ದವು. ಫೋಟೋಗಳು ಅಂಟಿಕೊಂಡು ಒಂದು ಇಟ್ಟಿಗೆಯಾಗಿದ್ದವು. ಬಕೆಟ್ಟಿನ ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿದರೆ ಕೆಲವು ಬಿಟ್ಟುಕೊಂಡವು. ಮದುವೆಯ ಫೋಟೋದಲ್ಲಿ ನಂದೀಶನ ಮುಖ ಉಳಿಯಿತು, ಅವಳದು ಹೋಯಿತು. "ನಿಂಗೆ ಅದ್ರಲ್ಲಿ ಕಣ್ಣು ಮುಚ್ಚಿತ್ತು ಬಿಡು" ಅಂದ ನಂದೀಶ. ಅವಳಿಗೆ ನಗು ಬಂತು, ಅದು ನಿಜವೂ ಆಗಿತ್ತು. ಬೆಳ್ಳಿ ದೀಪದಲ್ಲಿ ಒಂದು ಚಪ್ಪಟೆಯಾಗಿ ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ಅತ್ತೆ ಅದನ್ನು ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಭಾಗ್ಯಶ್ರೀ ಮತ್ತು ಹಣಮಂತ ಮದುವೆ ಮುಗಿಸಿ ಬಸ್ಸಿಳಿದು ನೇರ ಟಾರ್ಪಾಲಿನ ಹತ್ತಿರ ಬಂದರು. ಅವರ ರೂಮಿನದೂ ಒಂದು ಸಣ್ಣ ರಾಶಿ ಇತ್ತು. ತಾನೇ ಕೆಡವಿಸಿದವಳೆಂಬಂತೆ ಶೋಭಾ ತಲೆ ತಗ್ಗಿಸಿ ನಿಂತಿದ್ದಳು. ಭಾಗ್ಯಶ್ರೀ ರಾಶಿಯ ಕಡೆ ಹೋಗಲಿಲ್ಲ. ರಾಮಯ್ಯನ ಗಾಡಿಯ ಕೆಳಗಿಂದ ಕೌದಿಯ ಗಂಟು ಎಳೆದು ಬಿಚ್ಚಿ, ಚಕ್ರಕ್ಕೆ ಕೈ ಹಾಕಿ ಒಮ್ಮೆ ತಿರುಗಿಸಿದಳು. ಸೂಜಿ ಮೇಲೆ ಕೆಳಗೆ ಆಡಿತು. ಆಮೇಲೆ ಚಿಕ್ಕಮುನಿಯಮ್ಮನ ಮುಂದೆ ಕೂತಳು. ಬೀದಿಯವರು ದೀಪದ ಸುದ್ದಿ ಅವಳಿಗೆ ಆಗಲೇ ಮುಟ್ಟಿಸಿದ್ದರು.

"ಅಜ್ಜೀ, ನಿಮ್ಮ ದೀಪಾ ಬಿಟ್ಟು ನನ್ನ ಮಶೀನ್ ತಗಸ್ಯಾರಂತ. ನಾನು ಬ್ಯಾಡ ಅಂದಿದ್ದೆರಿ."

ಅತ್ತೆಯ ಬಾಯಿಂದ ಈ ಮಾತು ಯಾವಾಗ ಬಂದೀತೋ ಎಂದು ಶೋಭಾ ಅಷ್ಟು ದಿನವೂ ಕಾಯುತ್ತಿದ್ದಳು.

ಚಿಕ್ಕಮುನಿಯಮ್ಮ ಎಲೆಯಡಿಕೆ ಚೀಲ ಮುಚ್ಚಿದಳು. "ಸುಳ್ಳ್ಯಾಕ್ ಏಳ್ಲಿ, ಒಂದೆರಡು ದಿನ ಒಟ್ಟೆ ಉರೀತು ನಂಗೆ. ಇವ್ಳು ನನ್ನ ಒಂದ್ ಮಾತು ಕೇಳ್ಬೋದಿತ್ತು. ಕೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ?" ಅಂದಳು. ಸ್ವಲ್ಪ ಯೋಚಿಸಿ, "ಅಂತಿದ್ದೆ ಅಂತ ಕಾಣ್ತದೆ. ಕೇಳ್ದಿದ್ದೇ ಒಳ್ಳೇದಾಯ್ತು. ಓಗ್ಲಿ, ಊಟ ಮಾಡಿದ್ರಾ ನೀವು?"

ಹೀಗೆ ಆ ಮಾತು ಅಲ್ಲಿಗೆ ಮುಗಿಯಿತು. ಕಟ್ಟಡದವರ ಜೊತೆಗಿನ ಮಾತು ಮಾತ್ರ ಬೇಗ ಮುಗಿಯಲಿಲ್ಲ. ಪೊಲೀಸ್ ಸ್ಟೇಷನ್ನು, ಪಾಲಿಕೆ, ಊರ ಹಿರಿಯರ ಪಂಚಾಯ್ತಿ ಎಲ್ಲ ಸುತ್ತಿ, ಕೊನೆಗೆ ಹಳ್ಳದ ಕಡೆ ತಡೆಗೋಡೆ ಎತ್ತಿ, ಮನೆಯನ್ನೂ ಅವರೇ ಕಟ್ಟಿಕೊಡಬೇಕೆಂದು ಬರವಣಿಗೆಯಾಯಿತು. ತಡೆಗೋಡೆ ಎದ್ದಿದೆ. ಮನೆಯ ಪಾಯ ಈಗಷ್ಟೇ ಮುಗಿದಿದೆ.

ಮನೆ ಎದ್ದು ನಿಲ್ಲುವವರೆಗೆ ಇರಲೆಂದು ಅವರು ಎರಡು ಬೀದಿ ಆಚೆ ಒಂದು ವಠಾರದಲ್ಲಿ ಬಾಡಿಗೆಗೆ ಹೋದರು. ಮನೆ ತೋರಿಸಿದ ದಿನ ಓನರ್ ಹೆಂಗಸು ಬಾಗಿಲಲ್ಲಿ ನಿಂತು, ಗೋಡೆಗೆ ಮೊಳೆ ಹೊಡೀಬಾರದು, ಬಂದುಹೋಗುವ ನೆಂಟರು ಜಾಸ್ತಿ ಇರಬಾರದು, ಟೆರೇಸಿನಲ್ಲಿ ಹಪ್ಪಳ ಸಂಡಿಗೆ ಒಣಗಿಸಬಾರದು ಅಂತ ಒಂದೊಂದಾಗಿ ಹೇಳಿದಳು. ಶೋಭಾ "ಆಯ್ತಕ್ಕಾ, ಆಯ್ತಕ್ಕಾ" ಅನ್ನುತ್ತ ಕೇಳಿದಳು. ಇವೇ ಮಾತುಗಳನ್ನು ಇದೇ ದನಿಯಲ್ಲಿ ತಾನು ಭಾಗ್ಯಶ್ರೀಗೆ ಹೇಳಿದ್ದು ಅವಳಿಗೆ ನೆನಪಾಯಿತು. ಅವತ್ತು ಅದು ಶಿಸ್ತು ಅಂತ ಕಂಡಿತ್ತು. ಎರಡು ಕೋಣೆಗಳಿಗೆ ತಂದ ಸಾಮಾನೇ ಹೆಚ್ಚಾಯಿತು. ಅಷ್ಟು ಕಷ್ಟಪಟ್ಟು ಹೆಕ್ಕಿದ ಪಾತ್ರೆಗಳಲ್ಲಿ ಅರ್ಧ ಗೋಣಿಚೀಲದಲ್ಲೇ ಅಟ್ಟ ಸೇರಿದವು. ಅವಿಲ್ಲದೆಯೂ ಅಡುಗೆ ನಡೆಯಿತು. ಹಣಮಂತ ಭಾಗ್ಯಶ್ರೀಗೆ ಅದೇ ವಠಾರದ ಹಿಂಬದಿಯಲ್ಲಿ ಒಂದು ರೂಮು ಸಿಕ್ಕಿತು. ಅದಕ್ಕೆ ಕಿಟಕಿಯಿರಲಿಲ್ಲ. ಹಗಲಲ್ಲೂ ದೀಪ ಹಾಕಬೇಕು. ಹಾಗಾಗಿ ಮಶೀನು ಶೋಭಾಳ ಮುಂದಿನ ಕೋಣೆಗೆ ಬಂತು. ಹಣಮಂತ ಸೆಂಟ್ರಿಂಗ್ ಹಲಗೆ ಕೂಡಿಸಿ ಅದಕ್ಕೊಂದು ಮೇಜು ಮಾಡಿಕೊಟ್ಟ. ಪಕ್ಕಕ್ಕೊಂದು ಮೋಟರು ಬಿಗಿದ.

ದಸರಾಕ್ಕೆ ಮುಂಚೆ ರವಿಕೆಗಳು ರಾಶಿ ಬಿದ್ದವು. ಭಾಗ್ಯಶ್ರೀಗೆ ಊಟಕ್ಕೂ ಪುರುಸೊತ್ತಿಲ್ಲ. ಒಂದು ಮಧ್ಯಾಹ್ನ ಅವಳು ಕೈ ತೊಳೆಯಲು ಎದ್ದು ಹೋದಾಗ ಶೋಭಾ ಸುಮ್ಮನೆ ಕುರ್ಚಿಯಲ್ಲಿ ಕೂತಳು. ಅರ್ಧ ಹೊಲಿದ ಕಾಲರಿನ ರವಿಕೆಯೊಂದು ಸೂಜಿಯ ಕೆಳಗಿತ್ತು. ಕಾಲು ತಾನಾಗಿ ಪೆಡಲಿನ ಮೇಲೆ ಹೋಯಿತು. ಭಾಗ್ಯಶ್ರೀ ವಾಪಸು ಬಂದು ಬಾಗಿಲಲ್ಲೇ ನಿಂತಳು.

"ಯಕ್ಕಾ, ನಿಮಗ ಬೆನ್ನ ಬ್ಯಾನಿ ಅಂತಿದ್ರಿ?"

"ಅದು ಬೇರೆಯವ್ರ ಟಾರ್ಗೆಟ್ಟಿಗೆ ಹೊಲಿದಾಗ ಬತ್ತಿತ್ತು" ಅಂದಳು ಶೋಭಾ, ತಲೆ ಎತ್ತದೆ. "ಕತ್ತರಿ ಕೊಡಿಲ್ಲಿ."

ಈಗ ಹಗಲೆಲ್ಲ ಸರದಿಯ ಮೇಲೆ ಇಬ್ಬರೂ ಹೊಲಿಯುತ್ತಾರೆ. ಚಿಕ್ಕಮುನಿಯಮ್ಮ ಹುಕ್ಕು ಹಾಕಲು ಕಲಿಯುತ್ತೇನೆಂದು ಹೇಳಿ, ಕಣ್ಣು ಮಂಜೆಂದು ಬಿಟ್ಟು, ಬಂದ ಗಿರಾಕಿಗಳ ಜೊತೆ ಮಾತಾಡುವ ಕೆಲಸ ವಹಿಸಿಕೊಂಡಿದ್ದಾಳೆ.

ದಿವ್ಯಾ ಪರೀಕ್ಷೆ ಮುಗಿಸಿ ಮೊದಲ ಸಲ ಈ ಬಾಡಿಗೆ ಮನೆಗೆ ಬಂದದ್ದು ಒಂದು ಸಂಜೆ. ಅವಳಿಗೆ ದಾರಿ ಗೊತ್ತಿರಲಿಲ್ಲ. ಶೋಭಾ ಬಸ್ ಸ್ಟಾಪಿಗೆ ಹೋಗಿ ಕರೆದುಕೊಂಡು ಬಂದಳು. ಹಳೆಯ ಬೀದಿಯ ತಿರುವಿನಲ್ಲಿ ದಿವ್ಯಾಳ ಕಾಲು ಅಭ್ಯಾಸಬಲದಿಂದ ಎಡಕ್ಕೆ ತಿರುಗಿತು. ತಾಯಿ ತಡೆಯಲಿಲ್ಲ. ಇಬ್ಬರೂ ಹೋಗಿ ಪಾಯದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತರು. ಒಳಗೆ ನಿಂತ ಮಳೆನೀರಿನಲ್ಲಿ ಕಪ್ಪೆಗಳು ಕೂಗುತ್ತಿದ್ದವು.

"ಅಮ್ಮ, ಇದ್ರಲ್ಲಿ ನನ್ನ ರೂಮ್ ಎಲ್ಲಿ ಬರುತ್ತೆ?"

ಶೋಭಾ ಕೈ ಎತ್ತಿ ತೋರಿಸಲು ಹೋದಳು. ಒಳಗಿನ ಕೋಣೆಗಳ ಪ್ಲಾನು ಇನ್ನೂ ಗಟ್ಟಿಯಾಗಿರಲಿಲ್ಲ. "ನಿಂಗೆ ಎಲ್ಲಿ ಬೇಕು ಹೇಳು" ಅಂದಳು.

ದಿವ್ಯಾ ಪಾಯದ ಮೇಲೆ ಮೂಲೆಯಿಂದ ಮೂಲೆಗೆ ನಡೆದು ನೋಡಿದಳು. ಪಶ್ಚಿಮದ ಕಡೆ ನಿಂತು, "ಇಲ್ಲಿ. ಸಂಜೆ ಬಿಸಿಲು ಬರೋ ಕಡೆ" ಅಂದಳು. ಅಜ್ಜಿ ಕಾಯುತ್ತಿರುತ್ತಾಳೆಂದು ಇಬ್ಬರೂ ವಠಾರದ ಕಡೆ ಬೇಗ ಬೇಗ ಹೆಜ್ಜೆ ಹಾಕಿದರು.